ಎಲ್ಲರ ದುಃಖ ಕೇಳುವವರು

ಭಾನುವಾರ ಮಧ್ಯಾಹ್ನ. ಅಂಕಲಗಿಯಲ್ಲಿ ಗೋಕಾಕದ ಬಸ್ಸಿಗಾಗಿ ಕಾದು ನಿಂತ ಆ ಸಭಾಪಾಲಕರಿಗೆ ಐವತ್ತೈದರ ಆಸುಪಾಸು. ಹೆಗಲ ಚೀಲದಲ್ಲಿ ಬೈಬಲ್, ಗೀತಪುಸ್ತಕ, ಬಿಚ್ಚದೇ ಉಳಿದ ಬುತ್ತಿ. ಬೆಳಿಗ್ಗೆ ಒಂದೂರಿನ ಆರಾಧನೆ ಮುಗಿದಿದೆ, ಸಂಜೆ ಇನ್ನೊಂದೂರಿನದು ಬಾಕಿ. ನಡುವೆ ಒಂದು ಮನೆಯಲ್ಲಿ ಅಣ್ಣತಮ್ಮಂದಿರ ಜಗಳ ಬಿಡಿಸಿ, ಮತ್ತೊಂದರಲ್ಲಿ ಹಾಸಿಗೆ ಹಿಡಿದ ಮುದುಕಿಗಾಗಿ ಪ್ರಾರ್ಥಿಸಿ ಬಂದಿದ್ದಾರೆ. ಪರಿಚಯದವರು ಎದುರಾಗಿ ‘ಆರಾಮ ಅದೀರೇನ್ರಿ?’ ಎಂದರೆ ‘ದೇವರ ದಯಾ, ಆರಾಮ’ ಎನ್ನುತ್ತಾರೆ. ಮೂರು ವಾರದಿಂದ ನಿದ್ದೆ ಹತ್ತಿಲ್ಲವೆಂಬುದನ್ನು ಹೆಂಡತಿಗೂ ಹೇಳಿಲ್ಲ.

ಅಂಕಲಗಿ ಅಡವಿಸಿದ್ಧೇಶ್ವರ ಮಠದಿಂದ ಹೆಸರಾದ ಊರು. ಕಷ್ಟ ಬಂದಾಗ ಮಠದ ಅಜ್ಜನವರ ಮುಂದೆ ಹೇಳಿಕೊಂಡು ಹಗುರಾಗುವುದು ಈ ಸೀಮೆಯ ರೂಢಿ. ಇಲ್ಲಿಯ ಸಣ್ಣಪುಟ್ಟ ಕ್ರೈಸ್ತ ಸಭೆಗಳ ಜನ ತಮ್ಮ ಪಾಲಕರಿಂದ ಬಯಸುವುದೂ ಅದನ್ನೇ. ಆದರೆ ಕೇಳುವವರು ತಮ್ಮದನ್ನು ಯಾರ ಮುಂದೆ ಹೇಳಬೇಕು?

ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬೆಳಗಾವಿಗೆ ಬಂದದ್ದು 1820ರಲ್ಲಿ. 1904ರಲ್ಲಿ ಆ ಕೆಲಸ ಅಮೆರಿಕದ ಮೆಥೊಡಿಸ್ಟರ ಕೈಗೆ ಹೋಯಿತು. ಮೆಥೊಡಿಸ್ಟ್ ಪದ್ಧತಿಯಲ್ಲಿ ಪಾಲಕರು ಒಂದೂರಲ್ಲಿ ಬೇರು ಬಿಡುವಂತಿಲ್ಲ. ವಾರ್ಷಿಕ ಸಮ್ಮೇಳನದಲ್ಲಿ ಬಿಷಪ್ಪರು ನೇಮಕದ ಪಟ್ಟಿ ಓದುತ್ತಾರೆ. ಹೆಸರು ಬಂದ ಊರಿಗೆ ಗಂಟುಮೂಟೆ ಕಟ್ಟಬೇಕು. ಮಕ್ಕಳ ಶಾಲೆ ಬದಲಾಗುತ್ತದೆ, ಆಗತಾನೇ ಕುದುರಿದ ಗೆಳೆತನ ಹಿಂದೆ ಉಳಿಯುತ್ತದೆ. ಇರುವ ಮನೆಯೂ ಸಭೆಯದೇ. ಊರ ತುಂಬ ಬಲ್ಲವರಿದ್ದರೂ ಮನಸ್ಸು ಬಿಚ್ಚಲು ಒಬ್ಬರಿಲ್ಲ. ಸಭೆಯವರ ಮುಂದೆ ಅತ್ತರೆ ಸಭೆಯೇ ಅಧೈರ್ಯಗೊಂಡೀತೆಂಬ ಅಳುಕು. ಮೇಲಿನವರಿಗೆ ಹೇಳಿದರೆ ಕೈಲಾಗದವನೆಂದಾರೆಂಬ ಅಂಜಿಕೆ.

ಇದರ ಮೇಲೆ ಕಾಲದ ಬದಲಾವಣೆ. ಓದಿದ ಹುಡುಗರು ಬೆಂಗಳೂರು, ಪುಣೆ ಸೇರಿದ್ದಾರೆ. ಉಳಿದವರು ವಾರವಿಡೀ ಮೊಬೈಲಿನಲ್ಲಿ ದೊಡ್ಡ ಬೋಧಕರ ಪ್ರಸಂಗ ಕೇಳಿ, ಭಾನುವಾರ ತಮ್ಮ ಪಾಲಕರನ್ನು ಅದೇ ತಕ್ಕಡಿಯಲ್ಲಿ ತೂಗುತ್ತಾರೆ. ಹಿರಿಯರಿಗೆ ಹಾರ್ಮೋನಿಯಂ, ತಬಲಾ ಬೇಕು. ಕಿರಿಯರಿಗೆ ಕೀಬೋರ್ಡು, ಗಿಟಾರು. ಜಗಳ ವಾದ್ಯದ್ದೆಂದು ಮೇಲುನೋಟಕ್ಕೆ ಕಾಣುತ್ತದೆ. ‘ಹುಡುಗ್ರು ಚರ್ಚಿಗೆ ಬರೂದ ಇಲ್ಲ’ ಎಂದು ಹಿರಿಯರ ದೂರು. ‘ಬಂದ್ರ ನಮಗೇನ ಕೆಲಸಾ? ಚಾಪಿ ಹಾಸೂದು, ಕುರ್ಚಿ ಎತ್ತೂದು’ ಎಂದು ಹುಡುಗರ ಉತ್ತರ. 2020ರಲ್ಲಿ ಕೊರೊನಾ ಬಂದು ಚರ್ಚುಗಳ ಬಾಗಿಲು ಮುಚ್ಚಿದಾಗ ಪ್ರಾರ್ಥನೆಯನ್ನು ಮೊಬೈಲಿಗೆ ತಂದು ಮನೆಮನೆಗೆ ಮುಟ್ಟಿಸಿದವರು ಇವರೇ. ಬಾಗಿಲು ತೆರೆದ ಮೇಲೆ ಮತ್ತೆ ಚಾಪೆಯೇ ಗತಿಯಾಯಿತು. ಎರಡೂ ಕಡೆಯ ಮಾತು ಕೊನೆಗೆ ಬಂದು ಬೀಳುವುದು ಪಾಲಕರ ತಲೆಯ ಮೇಲೆ.

ಮನಸ್ಸು ಸೋತರೆ ನಮ್ಮ ಕಡೆ ಅದಕ್ಕೊಂದು ಹಾಸ್ಯವಿದೆ: ‘ಅವನ್ನ ಧಾರವಾಡಕ್ಕ ಕಳಸ್ರಿ.’ 1845ರಲ್ಲಿ ಧಾರವಾಡದಲ್ಲಿ ಹುಟ್ಟಿದ ಹುಚ್ಚರ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆಯಾಗಿದೆ, ಹಾಸ್ಯ ಮಾತ್ರ ಹಾಗೇ ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆದರೆ ಪೀಠದ ಮೇಲೆ ನಿಂತವರಿಗೆ ನಗೆಯ ಭಯದ ಜೊತೆಗೆ ಇನ್ನೊಂದು ಭಯ: ನಂಬಿಕೆ ಕಡಿಮೆಯಾಯಿತೆಂಬ ಮಾತು.

ಅವರು ಸಾರುವ ಗ್ರಂಥ ಹಾಗೆನ್ನುವುದಿಲ್ಲ. ಪ್ರವಾದಿ ಎಲೀಯ ಅಡವಿಯಲ್ಲಿ ಗಿಡದ ಕೆಳಗೆ ಕುಳಿತು ಸಾವನ್ನೇ ಬೇಡಿದ. ದೇವದೂತ ಬೈಯಲಿಲ್ಲ, ಉಪದೇಶಿಸಲಿಲ್ಲ. ರೊಟ್ಟಿ, ನೀರು ಕೊಟ್ಟ, ಮಲಗಲು ಬಿಟ್ಟ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯ ಕೇಳುತ್ತಿದ್ದ ಮೋಶೆಗೆ ಬುದ್ಧಿ ಹೇಳಿದವನು ಅವನ ಮಾವ: ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ, ಹೊರೆಯನ್ನು ಹಂಚು. ಪಾಲಕರ ದಣಿವು, ಹುಡುಗರ ಮುನಿಸು ಎಂದು ನಾವು ಬೇರೆ ಬೇರೆಯಾಗಿ ಎಣಿಸುವ ಎರಡು ಬೇನೆಗಳಿಗೂ ಮದ್ದು ಇದೊಂದೇ ಇರಬಹುದು. ಒಬ್ಬರಿಗೆ ಹೊರಲಾರದಷ್ಟು ಕೆಲಸ, ಇನ್ನೊಬ್ಬರಿಗೆ ಕೆಲಸವೇ ಇಲ್ಲ.

ಬಸ್ಸು ಬರುವ ಮೊದಲು ಫೋನು ಬಂತು. ಸಂಜೆಯ ಸಭೆಯ ಹುಡುಗ. ಹೋದ ತಿಂಗಳು ಕೇಳಿದ್ದನ್ನೇ ಮತ್ತೆ ಕೇಳಿದ: ‘ಇವತ್ತ ಪ್ರಸಂಗ ನಾ ಮಾಡ್ಲೇನ್ರಿ?’ ಹೋದ ತಿಂಗಳು ‘ನೋಡೂಣು’ ಎಂದಿದ್ದ ಪಾಲಕರು ಈ ಸಲ ‘ಮಾಡಪಾ’ ಎಂದರು.

ಪ್ರಸಂಗ ಹತ್ತು ನಿಮಿಷಕ್ಕೇ ಮುಗಿಯಿತು. ಹಿರಿಯರೊಬ್ಬರು ಗೊಣಗಿದರು. ಹಿಂದಿನ ಚಾಪೆಯ ಮೇಲೆ ಕುಳಿತಿದ್ದ ಪಾಲಕರಿಗೆ ಬಹಳ ದಿನದ ಮೇಲೆ ಕೇಳುವುದಷ್ಟೇ ಕೆಲಸವಾಗಿತ್ತು. ಆ ರಾತ್ರಿ ಅವರು ಹೆಂಡತಿಯ ಮುಂದೆ ನಿದ್ದೆಯ ವಿಷಯ ತೆಗೆದರು.

ಮುಂದಿನ ವಾರ ಇಬ್ಬರೂ ಬೆಳಗಾವಿಗೆ ಹೋಗಿ ಅಲ್ಲಿಂದ ಧಾರವಾಡದ ಬಸ್ಸು ಹತ್ತಿದರು. ಎಲ್ಲಿಗೆ ಹೊರಟಿರೆಂದು ಕೇಳಿದವರಿಗೆ ಪಾಲಕರು ಮುಚ್ಚಿಡಲಿಲ್ಲ: ‘ನಿದ್ದಿ ಬರವಲ್ದು. ಡಾಕ್ಟರ್ ಕಡೆ ಹೊಂಟೀನಿ.’