ಸಣ್ಣಕ್ಷರದ ಪಾಠ

ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆಯಬೇಡಿ ಎಂದು ಮಕ್ಕಳಿಗೆ 30 ವರ್ಷ ಹೇಳಿದವನು ನಾನು. ಕಾರು ಕೊಂಡಾಗ ಮಾತ್ರ ಹೆಚ್ಚುವರಿ ವಾರಂಟಿಯ ಪತ್ರಕ್ಕೆ ಓದದೆಯೇ ಸಹಿ ಹಾಕಿದ್ದೆ.

ಕಳೆದ ಮಳೆಗಾಲದಲ್ಲಿ ಬದಿಯಡ್ಕದಿಂದ ಕಾಸರಗೋಡಿಗೆ ಬರುತ್ತಿದ್ದಾಗ, ಏರಿನಲ್ಲಿ ಗೇರ್ ಬೀಳದೆ ಕಾರು ನಿಂತಿತು. ವರ್ಕ್‌ಶಾಪಿನವರು ಗೇರ್‌ಬಾಕ್ಸ್ ಬಿಚ್ಚಿ ನೋಡಿ, "ಒಳಗಿನ ಬೇರಿಂಗ್ ಹೋಗಿದೆ ಮಾಷ್ಟ್ರೇ. ಆದರೆ ಒಂದು ಸರ್ವೀಸನ್ನು ನೀವು ಹೊರಗೆ ಮಾಡಿಸಿದ್ದೀರಿ, ವಾರಂಟಿ ಸಿಗದು" ಎಂದರು. ಅಂದಾಜು ವೆಚ್ಚ 48,000 ರೂಪಾಯಿ. ಪಿಂಚಣಿದಾರನಿಗೆ ಅದು ಸಣ್ಣ ಮೊತ್ತವಲ್ಲ.

ಆ ಸರ್ವೀಸು ಮಡದಿ ಆಸ್ಪತ್ರೆಯಲ್ಲಿದ್ದ ದಿನಗಳದು. ಊರಿನ ಗ್ಯಾರೇಜಿನಲ್ಲಿ ಹಳೆಯ ಶಿಷ್ಯನೊಬ್ಬ ಆಯಿಲ್ ಬದಲಿಸಿಕೊಟ್ಟಿದ್ದ. ಅಂದು ರಾತ್ರಿ ಪತ್ರದ 11 ಪುಟಗಳನ್ನೂ ಓದಿದೆ. ನಿಗದಿತ ಆಯಿಲ್ ಹಾಕಿದ ಬಿಲ್ಲಿದ್ದರೆ ಹೊರಗಿನ ಸರ್ವೀಸೂ ಸಲ್ಲುವುದೆಂದು ಒಂದು ಸಾಲಿತ್ತು. ಶಿಷ್ಯನ ಬಿಲ್ಲು ಕಡತದಲ್ಲಿತ್ತು; ತಾರೀಕು, ಕಿಲೋಮೀಟರು, ಆಯಿಲಿನ ದರ್ಜೆ ಎಲ್ಲವೂ ದುಂಡನೆಯ ಕನ್ನಡದಲ್ಲಿ.

ಕಚೇರಿಯ ತರುಣನಿಗೆ ಕನ್ನಡ ಬಾರದು. ನಾನೇ ಓದಿ ಮಲೆಯಾಳದಲ್ಲಿ ಅರ್ಥ ಹೇಳಿದೆ. 18 ದಿನಗಳ ಬಳಿಕ ಗೇರ್‌ಬಾಕ್ಸಿನ ಖರ್ಚು ಮಂಜೂರಾಯಿತು. ಸವೆಯುವ ವಸ್ತುವೆಂದು ಕ್ಲಚ್ ಪ್ಲೇಟಿನ ಹಣವನ್ನು ನಾನೇ ತೆತ್ತೆ. ನಿರಾಕರಿಸಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದಿತ್ತು. ಅಲ್ಲಿಯೂ ಬೇಕಾಗುತ್ತಿದ್ದುದು ಆ ಬಿಲ್ಲೇ.

ವಿಷಯ ತಿಳಿಸಿದಾಗ ಶಿಷ್ಯ ನಕ್ಕ: "ಬಿಡಿಸಿ ಬರೆಯಲು ಕಲಿಸಿದ್ದು ನೀವೇ ಅಲ್ಲವೇ ಮಾಷ್ಟ್ರೇ?"