ಅಂಜುದೀವದ ಎದುರು ದಂಡೆಯಲ್ಲಿ

ಮಹಾಲಕ್ಷ್ಮಿ ಲೇಔಟಿನ ಕೆಲವು ಕುಟುಂಬಗಳೊಡನೆ ನಾವು ಕಾರವಾರಕ್ಕೆ ಹೋದಾಗ, ಅಲ್ಲಿನ ಎರಡು ದ್ವೀಪಗಳು ನಮ್ಮನ್ನು ಚಿಂತನೆಗೆ ಹಚ್ಚಿದವು. ಕೂರ್ಮಗಡದ ನರಸಿಂಹನ ಜಾತ್ರೆಗೆ ಭಕ್ತರು ವರ್ಷವರ್ಷವೂ ದೋಣಿಯೇರಿ ಹೋಗುತ್ತಾರೆ. ಅಂಜುದೀವಕ್ಕೆ ಹಾಗೆ ಹೋಗುವಂತಿಲ್ಲ. ಅದು ನೌಕಾಪಡೆಯ ವಶದಲ್ಲಿದೆ. ಫೆಬ್ರವರಿ 2ರಂದೂ ಅಕ್ಟೋಬರ್ 4ರಂದೂ ಅಲ್ಲಿನ ಪುರಾತನ ಇಗರ್ಜಿಗಳಲ್ಲಿ ಹಬ್ಬ ಆಚರಿಸುತ್ತಿದ್ದ ಕ್ರೈಸ್ತ ಬಾಂಧವರ ಯಾತ್ರೆ ನಿಂತುಹೋಯಿತು.

ದೇಶರಕ್ಷಣೆಯನ್ನು ಅಲ್ಲಗಳೆಯುವವರಾರು? 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರಿಂದ ಈ ದ್ವೀಪವನ್ನೂ ಗೋವೆಯನ್ನೂ ಬಿಡಿಸುವಾಗ ಏಳು ನಾವಿಕರು ಪ್ರಾಣವನ್ನೇ ಅರ್ಪಿಸಿದರು. ಆದರೆ ತ್ಯಾಗ ಮಾಡಿದವರು ಸೈನಿಕರು ಮಾತ್ರವಲ್ಲ. 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರು ಶಂಕುಸ್ಥಾಪನೆ ಮಾಡಿದ ಸೀಬರ್ಡ್ ಯೋಜನೆಗಾಗಿ ಕಾರವಾರ, ಅಂಕೋಲೆಗಳ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಮಿಕ್ಕ ಕುಟುಂಬಗಳು ಮನೆಮಠ ತೊರೆದವು. ಗದ್ದೆಯೂ ಬಲೆಯೂ ಒಮ್ಮೆಲೇ ಕೈತಪ್ಪಿದವು. 2005ರ ಮೇ 31ರಂದು ‘ಕದಂಬ’ ನೌಕಾನೆಲೆ ಕಾರ್ಯಾರಂಭ ಮಾಡಿತು. ನಿರಾಶ್ರಿತರ ಅಹವಾಲು ಮಾತ್ರ ಮುಗಿದಿರಲಿಲ್ಲ.

ಅವರು ಧರಣಿ ಕುಳಿತರು, ಮನವಿ ಬರೆದರು, ಪರಿಹಾರಕ್ಕಾಗಿ ಸರ್ವೋಚ್ಚ ನ್ಯಾಯಾಲಯದವರೆಗೂ ನಡೆದರು. 1930ರ ಏಪ್ರಿಲಿನಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿದ ಅಂಕೋಲೆಯ ನೆಲಕ್ಕೆ ಇದು ಅಪರಿಚಿತ ದಾರಿಯಲ್ಲ. ಅಂದು ಎದುರಿಗಿದ್ದುದು ಪರರ ಪ್ರಭುತ್ವ. ಇಂದು ತಮ್ಮದೇ ಸೇನೆ, ತಮ್ಮದೇ ಸರಕಾರ. ತನ್ನವರೆದುರು ದ್ವೇಷವಿಲ್ಲದೆ ಹಕ್ಕು ಕೇಳುವುದು ಹೆಚ್ಚು ಕಠಿಣವಾದ ತಪಸ್ಸು. ಅದಕ್ಕೆ ಬೇಕಾದುದು ಒಂದು ದಿನದ ಆವೇಶವಲ್ಲ, ದಶಕಗಳ ತಾಳ್ಮೆ.

ಕಾರವಾರಕ್ಕೆ ಹೋಗುವ ಸದ್ಭಕ್ತರು ಯುದ್ಧನೌಕೆಯನ್ನು ಕಂಡು ಹೆಮ್ಮೆಪಡಲಿ. ಜೊತೆಗೆ, ನಿರಾಶ್ರಿತರ ಪುನರ್ವಸತಿ ಕೇಂದ್ರದಲ್ಲೊಂದು ಗಳಿಗೆ ಕುಳಿತು, ಅಲ್ಲಿನ ಹಿರಿಯರಿಂದ ಅವರ ಊರಿನ ಹೆಸರನ್ನು ಕೇಳಿಬರಲಿ. ನಮ್ಮ ನೆಮ್ಮದಿಯ ನಿದ್ರೆಯಲ್ಲಿ ಆ ಊರಿನ ಪಾಲೂ ಇದೆ.