ಕುಡೀತಿದ್ರಾ?

ಚಳ್ಳಕೆರೆ, ಮೊಳಕಾಲ್ಮುರು ಕಡೆ ಹೊಟ್ಟೆನೋವಿಗೆಲ್ಲ ಒಂದೇ ಹೆಸರು: ಗ್ಯಾಸು. ಸೋಡಾ ಕುಡಿ, ಓಂಕಾಳು ಅಗಿ, ಮೆಡಿಕಲ್ ಶಾಪಿನ ಮಾತ್ರೆ ನುಂಗು. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವ ನನ್ನ ಸೋದರಮಾವ ಈ ಮೂರನ್ನೂ ಮಾಡಿ ಮಗ್ಗಕ್ಕೆ ಕೂತಿದ್ದರು. ಮೇಲ್ಹೊಟ್ಟೆಯ ನೋವು ಬೆನ್ನಿಗೆ ಹೊಕ್ಕಂತೆ. ಮಲಗಿದರೆ ಜಾಸ್ತಿ, ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಕಮ್ಮಿ. ನೇಯುವವರು ಕೂರುವುದೇ ಹಾಗೆ. ಮಗ್ಗದಲ್ಲಿದ್ದರೆ ವಾಸಿ ಎಂದುಕೊಂಡು ಅರ್ಧ ದಿನ ಕಳೆದರು. ವಾಂತಿ ನಿಲ್ಲದಾಗ ಚಳ್ಳಕೆರೆ, ಅಲ್ಲಿಂದ ಚಿತ್ರದುರ್ಗದ ಆಸ್ಪತ್ರೆ.

ರಕ್ತದಲ್ಲಿ ಲೈಪೇಸ್ ಇರಬೇಕಾದ ಮಿತಿಯ 3 ಪಟ್ಟಿಗಿಂತ ಹೆಚ್ಚಿತ್ತು. ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಹಠಾತ್ ಉರಿಯೂತ. ಕರುಳಿಗೆ ಹೋಗಿ ಅನ್ನ ಕರಗಿಸಬೇಕಾದ ರಸ ಗ್ರಂಥಿಯೊಳಗೇ ಚುರುಕಾಗಿ ಅದನ್ನೇ ಅರಗಿಸತೊಡಗುತ್ತದೆ. ಅದನ್ನು ನಿಲ್ಲಿಸುವ ನೇರ ಮದ್ದಿಲ್ಲ. ಡ್ರಿಪ್ಪು, ನೋವಿಗೆ ಇಂಜೆಕ್ಷನ್, ಆಮೇಲೆ ಕಾಯುವುದು.

ನೋಡಲು ಬಂದವರದ್ದೆಲ್ಲ ಒಂದೇ ಪ್ರಶ್ನೆ: "ಕುಡೀತಿದ್ರಾ?" ಮಾವ ಬೀಡಿಯನ್ನೂ ಮುಟ್ಟಿದವರಲ್ಲ. ಸ್ಕ್ಯಾನಿನಲ್ಲಿ ಸಿಕ್ಕಿದ್ದು ಪಿತ್ತಕೋಶದ ಕಲ್ಲುಗಳು. ಪಿತ್ತನಾಳವೂ ಮೇದೋಜೀರಕದ ನಾಳವೂ ಕರುಳು ಸೇರುವಲ್ಲಿ ಕೂಡುತ್ತವೆ. ಸಣ್ಣದೊಂದು ಕಲ್ಲು ಜಾರಿ ಅಲ್ಲಿ ಸಿಕ್ಕಿಕೊಂಡರೆ ಸಾಕು. ಈ ಕಾಯಿಲೆಗೆ ಕಲ್ಲು, ಕುಡಿತ ಎರಡೂ ದೊಡ್ಡ ಕಾರಣಗಳೇ. ನಮ್ಮ ಕಡೆ ಒಂದರ ಸುದ್ದಿ ಮಾತ್ರ ಓಡಾಡುತ್ತದೆ. (ಚಳ್ಳಕೆರೆಯ ನೆಂಟರೊಬ್ಬರು ಮೆಣಸಿನಕಾಯಿ ಬಜ್ಜಿಯನ್ನು ದೂರಿದರು. ಎಣ್ಣೆ ಮಿಲ್ಲುಗಳ ಊರಿನವರು, ಎಣ್ಣೆಯ ಮೇಲೇ ಅನುಮಾನ.)

ಪಕ್ಕದ ಹಾಸಿಗೆಯ ಲಾರಿ ಡ್ರೈವರಿಗೂ ಇದೇ ಕಾಯಿಲೆ. ಡಾಕ್ಟರು ಅದೇ ಪ್ರಶ್ನೆ ಕೇಳಿದಾಗ ಅವರ ಹೆಂಡತಿ ಸುತ್ತ ನಿಂತವರನ್ನು ನೋಡಿ "ಇಲ್ಲ ಸಾರ್" ಅಂದರು. ಎರಡನೇ ರಾತ್ರಿ ಅವರಿಗೆ ಕೈನಡುಕ, ಬಡಬಡಿಕೆ. ಕುಡಿತ ಏಕಾಏಕಿ ನಿಂತಾಗ ಹೀಗಾಗುತ್ತದಂತೆ. ಮೊದಲೇ ಗೊತ್ತಿದ್ದರೆ ಔಷಧಿ ಶುರುಮಾಡಬಹುದಿತ್ತು. ಡಾಕ್ಟರು ಕೇಳಿದ್ದು ಇದಕ್ಕೇ. ಆದರೆ ಅಷ್ಟೊತ್ತಿಗೆ ಆ ಪ್ರಶ್ನೆಯನ್ನು ನೆಂಟರಿಷ್ಟರೆಲ್ಲ ಸೇರಿ ಕೆಡಿಸಿಟ್ಟಿದ್ದರು.

ಐವರಲ್ಲಿ ನಾಲ್ವರು ಹೆಚ್ಚುಕಮ್ಮಿ ಒಂದು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ಮಾವ ಮೂರನೇ ದಿನ ಇಡ್ಲಿ ತಿಂದರು. ಬಿಟ್ಟರೆ ಮತ್ತೆ ಬರುತ್ತದೆಂದು ಮನೆಗೆ ಕಳಿಸುವ ಮೊದಲೇ ಪಿತ್ತಕೋಶ ತೆಗೆದರು. ಉಳಿದ ಒಬ್ಬರಿಗೆ ಗ್ರಂಥಿ ಕೊಳೆಯಬಹುದು. ಉಸಿರು, ಕಿಡ್ನಿ ಕೈಕೊಡಬಹುದು. ಡ್ರೈವರನ್ನು ಐಸಿಯುಗೆ ಒಯ್ದರು.

ಡಿಸ್ಚಾರ್ಜ್ ದಿನ ಅವರ ಹೆಂಡತಿ ಐಸಿಯು ಹೊರಗಿನ ಬೆಂಚಿನ ಮೇಲೆ ಒಬ್ಬರೇ ಇದ್ದರು. ಮಾವ ಹೊಟ್ಟೆ ಹಿಡಿದುಕೊಂಡೇ ಹೋಗಿ ಬೆಂಚಿನ ಇನ್ನೊಂದು ತುದಿಗೆ ಕೂತರು. "ನನಗೂ ಅದೇ ಕಾಯಿಲೆ ಕಣಮ್ಮ" ಅಂದರು. ಕಲ್ಲಿನ ವಿಷಯ ಎತ್ತಲಿಲ್ಲ.